ಎಷ್ಟು ಸಬ್ಸಿಡಿ ಬಂತು ಅಂತ ಕೇಳೋರಿಗೆ: ನಮ್ಮ ಫೌಂಡ್ರಿಯ ಕರೆಂಟ್ ಲೆಕ್ಕ

ಇಂಡಕ್ಷನ್ ಫರ್ನೇಸ್ (ಕರೆಂಟಿನಿಂದ ಲೋಹ ಕರಗಿಸುವ ಕುಲುಮೆ) ಇಟ್ಟುಕೊಂಡ ಯಾವ ಫೌಂಡ್ರಿಯವರನ್ನಾದರೂ ಕೇಳಿ, ಸ್ಕ್ರ್ಯಾಪಿನ ಖರ್ಚು ಬಿಟ್ಟರೆ ಅವರ ನಿದ್ದೆ ಕೆಡಿಸೋದು ಕರೆಂಟ್ ಬಿಲ್ಲೇ. ನಮ್ಮದು ಸಣ್ಣ ಘಟಕ. ಬೀಡು ಕಬ್ಬಿಣ ಕರಗಿಸಿ ಪಂಪಿನ ಕೇಸಿಂಗ್, ಬೇರಿಂಗ್ ಹೌಸಿಂಗ್, ಟ್ರ್ಯಾಕ್ಟರ್ ಬಿಡಿಭಾಗ ಎರಕ ಹೊಯ್ಯುತ್ತೇವೆ. ತಿಂಗಳಿಗೆ ಸುಮಾರು 90 ಟನ್ ಕರಗಿಸುತ್ತೇವೆ, ಅದಕ್ಕೆ ಎಲ್ಲಾ ಸೇರಿ 90 ಸಾವಿರ ಯೂನಿಟ್ ಹೋಗುತ್ತಿತ್ತು. ಕರೆಂಟ್ ಉಳಿಸುವ ಯಂತ್ರದ ಸಾಲಕ್ಕೆ ಬಡ್ಡಿಯಲ್ಲಿ ನೆರವು ಕೊಡುವ ಕೇಂದ್ರ ಸರ್ಕಾರದ ಅದಿತಿ ಯೋಜನೆಗೆ ಅರ್ಜಿ ಹಾಕಿ, ಕರೆಂಟ್ ಎಲ್ಲಿ ಎಷ್ಟು ಹೋಗುತ್ತಿದೆ ಅಂತ ಆಡಿಟ್ ಮಾಡಿಸಿ, ಸಾಲ ತಗೊಂಡು, ಮಷಿನ್ ಹಾಕಿಸಿ, ಈಗ ಉಳಿತಾಯ ಅಳೆಯುವ ಹಂತಕ್ಕೆ ಬಂದಿದ್ದೇವೆ. ಪರಿಚಯದ ಫೌಂಡ್ರಿಯವರು, ಪಕ್ಕದ ಮಷಿನ್ ಶಾಪಿನವರು ಫೋನ್ ಮಾಡಿ "ಎಷ್ಟು ಸಬ್ಸಿಡಿ ಬಂತು" ಅಂತ ಕೇಳುತ್ತಿರುತ್ತಾರೆ. ಒಂದು ಮೊತ್ತ ಹೇಳಿ ಫೋನ್ ಇಡೋಕೆ ನನಗೆ ಮನಸ್ಸಾಗಲ್ಲ. ನಮಗೆ ಈ ಯೋಜನೆಯಿಂದ ಸಿಕ್ಕ ದೊಡ್ಡ ಲಾಭ ಬಡ್ಡಿಯದ್ದಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಬಿಲ್ಲಿನ ವಿಷಯ. ನಮ್ಮದು ಎಚ್‌ಟಿ, ಅಂದರೆ ಹೈ ಟೆನ್ಷನ್ ಸಂಪರ್ಕ. ಬಿಲ್ಲಿನಲ್ಲಿ ಡಿಮ್ಯಾಂಡ್ ಚಾರ್ಜ್ ಬೇರೆ, ಎನರ್ಜಿ ಚಾರ್ಜ್ ಬೇರೆ, ಇಂಧನ ಹೊಂದಾಣಿಕೆ ಬೇರೆ, ಅದರ ಮೇಲೆ ಶೇ 9 ವಿದ್ಯುತ್ ತೆರಿಗೆ. 2023ರಲ್ಲಿ ಕೆಇಆರ್‌ಸಿ (ಕರೆಂಟ್ ದರ ನಿಗದಿ ಮಾಡುವ ರಾಜ್ಯದ ಆಯೋಗ) ದರವನ್ನು ಸರಾಸರಿ 70 ಪೈಸೆ ಏರಿಸಿದಾಗ ರಾಜ್ಯದ ಕೈಗಾರಿಕೆಗಳವರು ಬೀದಿಗಿಳಿದಿದ್ದರು, ನೆನಪಿರಬಹುದು. ಮುಂದಿನ ವರ್ಷ ಎಚ್‌ಟಿ ಕೈಗಾರಿಕೆಗೆ ಯೂನಿಟ್‌ಗೆ 50 ಪೈಸೆ ಇಳಿಯಿತು. 2025ರ ಏಪ್ರಿಲ್‌ನಿಂದ ಎಸ್ಕಾಂ, ಅಂದರೆ ವಿದ್ಯುತ್ ಸರಬರಾಜು ಕಂಪನಿಗಳ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಅಂತ 36 ಪೈಸೆ ಸೇರಿತು. ಹೀಗೆ ಏರಿಳಿಯುವ ದರ ನಂಬಿಕೊಂಡು ಗಿರಾಕಿಗೆ ಒಂದು ವರ್ಷದ ರೇಟ್ ಕೊಡೋದು ಎಷ್ಟು ಕಷ್ಟ ಅಂತ ಎರಕದ ಕೆಲಸದಲ್ಲಿರೋರಿಗೆ ಬಿಡಿಸಿ ಹೇಳಬೇಕಿಲ್ಲ.

ನಾನು ಮೊದಲು ಹುಡುಕಿದ್ದು ನೇರವಾಗಿ ಬಿಲ್ ಇಳಿಸುವ ನೆರವನ್ನೇ. ರಾಜ್ಯದ ಕೈಗಾರಿಕಾ ನೀತಿಯಲ್ಲಿ ವಿದ್ಯುತ್ ತೆರಿಗೆ ವಿನಾಯಿತಿ ಇದೆ ಅಂತ ಕೇಳಿ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿದ್ದೆ. ಆ ಥರದ ವಿನಾಯಿತಿ ಹೊಸ ಘಟಕಕ್ಕೆ, ಇಲ್ಲಾ ದೊಡ್ಡದಾಗಿ ವಿಸ್ತರಣೆ ಮಾಡುವವರಿಗೆ. ನಮ್ಮದು ಅಪ್ಪನ ಕಾಲದ ಫೌಂಡ್ರಿ, ವಿಸ್ತರಣೆಯ ಯೋಚನೆಯೂ ಇರಲಿಲ್ಲ. ಅಲ್ಲಿ ನಮಗೆ ಬಾಗಿಲಿಲ್ಲ. ಹಳೆಯ ಘಟಕ ನಡೆಸಿಕೊಂಡು ಬಂದವರ ಮೇಲೂ ಅಷ್ಟೇ ಭಾರ ಇದೆ, ಅವರನ್ನೂ ನೋಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಆದರೆ ನೀತಿ ಇರೋದು ಹಾಗೆ.

ಅದಿತಿ ಬಗ್ಗೆ ಗೊತ್ತಾಗಿದ್ದು ಕೈಗಾರಿಕಾ ಸಂಘದ ಒಂದು ಸಭೆಯಲ್ಲಿ. 2025ರ ಜುಲೈನಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ ಇದಕ್ಕೆ ಚಾಲನೆ ಕೊಟ್ಟಿದ್ದು. ಕೇಂದ್ರ ಇಂಧನ ಸಚಿವಾಲಯದ ಕೆಳಗಿನ ಬಿಇಇ, ಅಂದರೆ ಫ್ರಿಜ್ ಮೇಲೆ ನಕ್ಷತ್ರದ ಚೀಟಿ ಅಂಟಿಸ್ತಾರಲ್ಲ ಅದೇ ಸಂಸ್ಥೆ, ಇದನ್ನು ನಡೆಸುತ್ತದೆ. ಒಟ್ಟು 1,000 ಕೋಟಿ ರೂಪಾಯಿ. ಅದರಲ್ಲಿ 875 ಕೋಟಿ ಬಡ್ಡಿ ಸಹಾಯಕ್ಕೆ, 50 ಕೋಟಿ ಆಡಿಟ್‌ಗೆ, 75 ಕೋಟಿ ಜಾರಿಯ ಬೆಂಬಲಕ್ಕೆ. ಕಡಿಮೆ ಕರೆಂಟ್ ತಿನ್ನುವ ಯಂತ್ರ ಹಾಕಲು ತಗೊಂಡ ಸಾಲದ ಬಡ್ಡಿಯಲ್ಲಿ ಸೂಕ್ಷ್ಮ ಮತ್ತು ಸಣ್ಣ ಘಟಕಕ್ಕೆ ಶೇ 5, ಮಧ್ಯಮ ಘಟಕಕ್ಕೆ ಶೇ 3 ಸರ್ಕಾರ ಹೊರುತ್ತದೆ. 14 ಬಗೆಯ ಕೈಗಾರಿಕೆಗಳ ಪಟ್ಟಿ ಇದೆ: ಫೌಂಡ್ರಿ, ಫೋರ್ಜಿಂಗ್, ಹಿತ್ತಾಳೆ, ಇಟ್ಟಿಗೆ, ಸೆರಾಮಿಕ್ಸ್, ಜವಳಿ, ಆಹಾರ ಸಂಸ್ಕರಣೆ, ಕಾಗದ, ಔಷಧ, ಹೀಗೆ. ಮೊದಲ ಹಂತದಲ್ಲಿ 60 ಕ್ಲಸ್ಟರ್ (ಒಂದೇ ಬಗೆಯ ಘಟಕಗಳು ಒಟ್ಟಿಗಿರುವ ಊರು), ಎರಡನೇ ಹಂತದಲ್ಲಿ 100. ಮುಖ್ಯ ಷರತ್ತು ಒಂದೇ, ಕನಿಷ್ಠ ಶೇ 10 ಇಂಧನ ಉಳಿತಾಯ ತೋರಿಸಬೇಕು.

ಅಂದರೆ ಇದು ಬಿಲ್ಲಿನ ದರ ಇಳಿಸುವ ಯೋಜನೆ ಅಲ್ಲ. ದರ ಹಾಗೇ ಇರುತ್ತದೆ, ನೀವು ಸುಡುವ ಯೂನಿಟ್ ಇಳಿಯಬೇಕು. ಸಭೆಯಲ್ಲಿ ಅರ್ಧ ಜನ ಅಲ್ಲೇ ಎದ್ದು ಹೋದರು. ಮತ್ತೆ ಸಾಲ ಮಾಡಬೇಕಾ ಅಂತ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ನೋಂದಣಿಗೆ ಉದ್ಯಮ್ ಪ್ರಮಾಣಪತ್ರ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ), ಪ್ಯಾನ್, ಜಿಎಸ್‌ಟಿ, ಹಿಂದಿನ ವರ್ಷದ ಕರೆಂಟ್ ಬಿಲ್, ಉತ್ಪಾದನೆಯ ಲೆಕ್ಕ ಇಟ್ಟುಕೊಂಡು ಕೂತೆ. ಉದ್ಯಮ್‌ನಲ್ಲಿ ನಿಮ್ಮ ವರ್ಗ ಏನಿದೆ ಅಂತ ಒಮ್ಮೆ ತೆಗೆದು ನೋಡಿ. 2025ರ ಏಪ್ರಿಲ್ 1ರಿಂದ ಮಿತಿಗಳು ಏರಿವೆ: ಸಣ್ಣ ಘಟಕ ಅಂದರೆ ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿಯವರೆಗೆ. ಮಧ್ಯಮ ಅನ್ನಿಸಿಕೊಂಡಿದ್ದ ಎಷ್ಟೋ ಘಟಕಗಳು ಈಗ ಸಣ್ಣ ವರ್ಗಕ್ಕೆ ಬರುತ್ತವೆ, ಅಲ್ಲಿಗೆ ಶೇ 3ರ ಬದಲು ಶೇ 5.

ನಮಗೆ ಕಾಗದ ಸಿಕ್ಕಿಹಾಕಿಕೊಂಡಿದ್ದು ಬೇರೆ ಕಡೆ. ಆರ್‌ಆರ್ ನಂಬರ್, ಅಂದರೆ ಕರೆಂಟ್ ಸಂಪರ್ಕದ ಸಂಖ್ಯೆ, ಅಪ್ಪನ ಹೆಸರಲ್ಲಿತ್ತು. ಉದ್ಯಮ್, ಜಿಎಸ್‌ಟಿ ಎಲ್ಲಾ ನಾವು ಅಣ್ಣ ತಮ್ಮ ಸೇರಿ ಮಾಡಿದ ಪಾರ್ಟ್‌ನರ್‌ಶಿಪ್ ಹೆಸರಲ್ಲಿ. ಅಪ್ಪ ತೀರಿಕೊಂಡ ಮೇಲೂ ಬಿಲ್ ಅವರ ಹೆಸರಲ್ಲೇ ಬರುತ್ತಿತ್ತು, ನಾವು ಕಟ್ಟುತ್ತಿದ್ದೆವು, ಯಾರೂ ಕೇಳಿರಲಿಲ್ಲ. ಈಗ ಬಿಲ್ಲಿನ ಹೆಸರೂ ಅರ್ಜಿಯ ಹೆಸರೂ ಒಂದೇ ಇರಬೇಕಾಯಿತು. ಸರಿ, ಹೆಸರು ಬದಲಾವಣೆಗೆ ಹೊರಟೆವು. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಮ್ಮನ ಮತ್ತು ಅಕ್ಕನ ಒಪ್ಪಿಗೆ ಪತ್ರ, ಛಾಪಾ ಕಾಗದದ ಮೇಲೆ ಮುಚ್ಚಳಿಕೆ, ಹೆಚ್ಚುವರಿ ಭದ್ರತಾ ಠೇವಣಿ. ಅಕ್ಕ ಊರಿಂದ ಸಹಿ ಹಾಕೋಕೆ ಬಂದವಳು "ಅಪ್ಪನ ಹೆಸರು ತೆಗಿಲೇಬೇಕೇನೋ" ಅಂತ ಕೇಳಿದಳು. ನನಗೂ ಬೇಜಾರಾಯಿತು. ಫೌಂಡ್ರಿ, ಅಕ್ಕಿ ಗಿರಣಿ, ಪವರ್ ಲೂಮ್, ಯಾವುದೇ ಇರಲಿ, ನಮ್ಮ ಕಡೆ ಅರ್ಧಕ್ಕರ್ಧ ಸಂಪರ್ಕಗಳು ಹಿರಿಯರ ಹೆಸರಲ್ಲೇ ಇರೋದು ಅಂತ ನನ್ನ ಅಂದಾಜು. ಯೋಜನೆ ಹುಡುಕೋಕೆ ಮುಂಚೆ ಇದೊಂದನ್ನು ಸರಿ ಮಾಡಿಟ್ಟುಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಇನ್ನು ಆಡಿಟ್. ನನ್ನ ಪ್ರಕಾರ ಇಡೀ ಯೋಜನೆಯ ಜೀವ ಇರೋದೇ ಇಲ್ಲಿ.

ಆಡಿಟ್ ಅಂದರೆ ಕಡತ ತಿರುವಿ ಹಾಕಿ ಹೋಗ್ತಾರೆ ಅಂದುಕೊಳ್ಳಬೇಡಿ. ಬಂದವರು ಇಬ್ಬರು ಎಂಜಿನಿಯರ್. ಒಬ್ಬರು ನಡುವಯಸ್ಸಿನವರು, ಇನ್ನೊಬ್ಬರು ಆಗತಾನೇ ಕೆಲಸಕ್ಕೆ ಸೇರಿದ ಹುಡುಗಿ. ಫರ್ನೇಸ್ ಪ್ಯಾನಲ್ಲಿಗೆ ಕರೆಂಟ್ ಬಳಕೆ ಅಳೆಯುವ ಪವರ್ ಅನಲೈಸರ್ ಕ್ಲ್ಯಾಂಪ್ ಹಾಕಿ, ಬೆಳಗಿನ ಮೊದಲ ಹೀಟ್‌ನಿಂದ (ಒಂದು ಸಲ ತುಂಬಿ ಕರಗಿಸೋದಕ್ಕೆ ಹೀಟ್ ಅಂತೀವಿ) ರಾತ್ರಿ ಕೊನೆಯ ಹೀಟ್‌ವರೆಗೂ ಬಿಡದೆ ದಾಖಲು ಮಾಡಿದರು. ಪ್ರತಿ ಹೀಟ್‌ಗೂ ಎಷ್ಟು ಕೆಜಿ ಸ್ಕ್ರ್ಯಾಪ್ ಒಳಗೆ ಹೋಯಿತು, ಎಷ್ಟು ಲೋಹ ಲ್ಯಾಡಲ್‌ಗೆ (ಕರಗಿದ ಲೋಹ ಹಿಡಿಯುವ ಪಾತ್ರೆಗೆ) ಬಂತು, ಎಷ್ಟು ಡಿಗ್ರಿಯಲ್ಲಿ ಸುರಿದೆವು, ಎಲ್ಲಾ. ಒಂದು ಟನ್ ಬೀಡನ್ನು 1,500 ಡಿಗ್ರಿವರೆಗೆ ಕಾಯಿಸಲು ಲೆಕ್ಕದ ಪ್ರಕಾರ ಬೇಕಾಗೋದು 400 ಯೂನಿಟ್ ಆಸುಪಾಸು. ನಮ್ಮ ಫರ್ನೇಸ್ ಒಂದಕ್ಕೇ ಟನ್ನಿಗೆ 680 ಹೋಗುತ್ತಿತ್ತು. ಕಾಯಿಲ್ ನಷ್ಟ, ಲೈನಿಂಗ್ (ಫರ್ನೇಸ್ ಒಳಗಿನ ಶಾಖ ತಡೆಯುವ ಪದರ) ನಷ್ಟ ಅಂತ ಸ್ವಲ್ಪ ಹೋಗೇ ಹೋಗುತ್ತದೆ, ಯಾರೂ 400ಕ್ಕೆ ಮುಟ್ಟಲ್ಲ. ಆದರೆ 680 ಜಾಸ್ತಿಯೇ.

ಎಲ್ಲಿ ಹೋಗ್ತಿದೆ ಅನ್ನೋದನ್ನ ಆ ಹುಡುಗಿ ಲ್ಯಾಪ್‌ಟಾಪಿನಲ್ಲಿ ತೋರಿಸಿದರು. ಗ್ರಾಫ್‌ನಲ್ಲಿ ಕರೆಂಟ್ ಏರುತ್ತದೆ, ಲೋಹ ಕರಗುತ್ತದೆ, ಆಮೇಲೆ ಒಂದು ಉದ್ದನೆಯ ಚಪ್ಪಟೆ ಗೆರೆ. "ಇದೇನು ಮೇಡಂ" ಅಂದೆ. "ಲೋಹ ರೆಡಿ ಇದೆ ಸರ್, ಅಚ್ಚು ರೆಡಿ ಇಲ್ಲ. ಕಾಯ್ತಾ ಇದ್ದೀರಿ" ಅಂದರು. ಮೋಲ್ಡಿಂಗ್‌ನವರು ಬಾಕ್ಸ್ ಮುಚ್ಚೋವರೆಗೂ ಕರಗಿದ ಲೋಹವನ್ನು ಬಿಸಿಯಾಗಿಯೇ ಹಿಡಿದಿಡಲು ಕರೆಂಟ್ ಸುಡುತ್ತಿತ್ತು. ಪ್ರತಿ ಹೀಟ್‌ನಲ್ಲೂ. ಆ ಗೆರೆಯ ಉದ್ದ ನೋಡಿ ನನಗೆ ಎದೆ ಝಲ್ಲೆಂದಿತು. ಇದಕ್ಕೆ ಸಾಲವೂ ಬೇಡ, ಮಷಿನ್ನೂ ಬೇಡ. ಅಚ್ಚು ತಯಾರಾಗುವ ಹೊತ್ತು ನೋಡಿಕೊಂಡು ಚಾರ್ಜ್ ಮಾಡಿದರೆ, ಅಂದರೆ ಫರ್ನೇಸ್‌ಗೆ ಸ್ಕ್ರ್ಯಾಪ್ ತುಂಬಿದರೆ ಆಯಿತು.

ಎರಡನೆಯದು ಮುಚ್ಚಳ. ಫರ್ನೇಸ್ ಬಾಯಿ ತೆರೆದೇ ಇರುತ್ತಿತ್ತು. ಥರ್ಮಲ್ ಕ್ಯಾಮೆರಾ ಹಿಡಿದರೆ ಪರದೆ ಪೂರ್ತಿ ಬಿಳಿ. ನಮ್ಮಲ್ಲಿ ಅಪ್ಪನ ಕಾಲದಿಂದ ಫರ್ನೇಸ್ ನೋಡಿಕೊಳ್ಳುವ ಕಾಕಾ ಇದ್ದಾರೆ, ಮುಚ್ಚಳದ ಮಾತು ತೆಗೆದ ಕೂಡಲೇ "ಮುಚ್ಚಿದ್ರ ಒಳಗ ಏನಾಗ್ಯಾದ ಹೆಂಗ ಕಾಣ್ತದ್ರೀ ಸಾಹೇಬ್ರ? ಮ್ಯಾಲ ಸ್ಕ್ರ್ಯಾಪ್ ಸಿಕ್ಕೊಂಡು ಕೆಳಗ ಲೋಹ ಕುದೀತಿದ್ರ?" ಅಂದರು. ಅವರ ಮಾತು ಸುಮ್ನೆ ಹಟ ಅಲ್ಲ. ಮೇಲಿನ ಸ್ಕ್ರ್ಯಾಪ್ ಒಂದಕ್ಕೊಂದು ಹೆಣೆದುಕೊಂಡು ಸೇತುವೆಯಂತೆ ನಿಂತು, ಕೆಳಗೆ ಲೋಹ ಅತಿಯಾಗಿ ಕಾದು ಲೈನಿಂಗ್ ತಿಂದುಹಾಕೋದು ನಿಜವಾದ ಅಪಾಯ, ಜೀವಕ್ಕೇ ಕುತ್ತು. ಹಿರಿಯ ಎಂಜಿನಿಯರ್ ಅದನ್ನು ಒಪ್ಪಿಕೊಂಡೇ ಮಾತಾಡಿದರು. ಕೊನೆಗೆ ಕೈಯಿಂದ ಎತ್ತುವ ತಗಡಿನ ಮುಚ್ಚಳ ಬೇಡ, ಹೈಡ್ರಾಲಿಕ್‌ನಲ್ಲಿ ಪಕ್ಕಕ್ಕೆ ಸರಿಯುವ, ನಡುವೆ ನೋಡುವ ಕಿಂಡಿ ಇರುವ ಮುಚ್ಚಳ ಅಂತ ತೀರ್ಮಾನವಾಯಿತು. ಚಾರ್ಜ್ ಮಾಡುವಾಗ ತೆಗೆದೇ ಇರುತ್ತದೆ, ಪೂರ್ತಿ ಕರಗಿದ ಮೇಲೆ ಮುಚ್ಚೋದು. ಕಿಂಡಿ ಬೇಕು ಅಂದಿದ್ದು ಕಾಕಾ.

ಮೂರನೆಯದು ಮಷಿನ್‌ಗಳಿಗೆ ಒತ್ತಡದ ಗಾಳಿ ಕೊಡುವ ಕಂಪ್ರೆಸರ್. ಇದನ್ನು ರಜೆಯ ದಿನ ಪರೀಕ್ಷೆ ಮಾಡಿದರು. ಎಲ್ಲಾ ಮಷಿನ್ ಬಂದ್, ಗಾಳಿ ಬಳಸೋರು ಯಾರೂ ಇಲ್ಲ, ಕಂಪ್ರೆಸರ್ ಮಾತ್ರ ಚಾಲು. ಸೋರಿಕೆ ಇಲ್ಲದಿದ್ದರೆ ಒಮ್ಮೆ ಟ್ಯಾಂಕ್ ತುಂಬಿದ ಮೇಲೆ ಅದು ಮತ್ತೆ ಲೋಡ್ ತಗೊಳ್ಳಬಾರದು, ಅಂದರೆ ಮತ್ತೆ ಗಾಳಿ ತುಂಬಲು ಶುರು ಮಾಡಬಾರದು. ನಮ್ಮದು ತಗೊಳ್ಳುತ್ತಲೇ ಇತ್ತು. ಸ್ಟಾಪ್‌ವಾಚ್ ಹಿಡಿದು ಎಷ್ಟು ಸೆಕೆಂಡ್ ಲೋಡ್, ಎಷ್ಟು ಸೆಕೆಂಡ್ ಅನ್‌ಲೋಡ್ ಅಂತ ಬರೆದುಕೊಂಡರು. ಲೋಡ್ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿದರೆ ಎಷ್ಟು ಗಾಳಿ ಸೋರಿ ಹೋಗ್ತಿದೆ ಅಂತ ನೇರ ಲೆಕ್ಕ. ಇದನ್ನು ಯಾರು ಬೇಕಾದರೂ ತಮ್ಮ ಕಾರ್ಖಾನೆಯಲ್ಲಿ ಈ ಭಾನುವಾರವೇ ಮಾಡಿ ನೋಡಬಹುದು, ಒಂದು ಪೈಸೆ ಖರ್ಚಿಲ್ಲ. ಮೌನವಾಗಿದ್ದ ಶೆಡ್ಡಿನಲ್ಲಿ ನಡೆದಾಡಿದರೆ ಸೋರಿಕೆ ಕಿವಿಗೇ ಕೇಳುತ್ತಿತ್ತು, ಗ್ರೈಂಡಿಂಗ್ ಕಡೆಯ ಹೋಸ್ ಜಾಯಿಂಟ್‌ಗಳಲ್ಲಂತೂ ಬುಸ್ ಅಂತ. ಜತೆಗೆ ಒತ್ತಡ 7 ಬಾರ್‌ಗೆ ಇಟ್ಟಿದ್ದೆವು. 6 ಸಾಕಿತ್ತು. ಒಂದು ಬಾರ್ ಇಳಿಸಿದರೆ ಕಂಪ್ರೆಸರ್ ಕರೆಂಟ್ ಶೇ 6-7 ಕಡಿಮೆ ಆಗುತ್ತದೆ.

ಇದೆಲ್ಲ ಸೇರಿ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ ಬಂತು. ಹಳೆಯ ರೆಸಿಪ್ರೊಕೇಟಿಂಗ್ ಕಂಪ್ರೆಸರ್ ಬದಲು ವಿಎಫ್‌ಡಿ (ಬೇಕಾದಷ್ಟಕ್ಕೆ ಮೋಟರ್ ವೇಗ ಹೊಂದಿಸುವ ಸಾಧನ) ಇರುವ ಸ್ಕ್ರೂ ಕಂಪ್ರೆಸರ್, ಫರ್ನೇಸ್ ಮುಚ್ಚಳ, ಕೂಲಿಂಗ್ ನೀರಿನ ಪಂಪ್, ಅಚ್ಚಿನ ಮರಳು ಸಿದ್ಧ ಮಾಡುವ ಸ್ಯಾಂಡ್ ಪ್ಲಾಂಟಿಗೆ ಕಡಿಮೆ ಕರೆಂಟ್ ತಿನ್ನುವ ಐಇ3 ದರ್ಜೆಯ ಮೋಟರ್. ಒಟ್ಟು ಸುಮಾರು 30 ಲಕ್ಷ. ನಾನು ಮೊದಲು ಬರೀ ಕಂಪ್ರೆಸರ್ ಸಾಕು ಅನ್ನುತ್ತಿದ್ದೆ. ಅದೊಂದನ್ನೇ ಹಾಕಿದರೆ ಒಟ್ಟು ಬಳಕೆಯಲ್ಲಿ ಶೇ 10 ಮುಟ್ಟಲ್ಲ, ಯೋಜನೆಯೇ ದಕ್ಕಲ್ಲ ಅಂತ ಲೆಕ್ಕ ಹಾಕಿ ತೋರಿಸಿದರು. ಫರ್ನೇಸ್ ಇರುವ ಕಡೆ ಫರ್ನೇಸ್ ಮುಟ್ಟದೆ ಶೇ 10 ಬರೋದು ಕಷ್ಟ. ನಮ್ಮ ಕೈಗೆ ಬಂದ ಡಿಪಿಆರ್ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ನಾನು ಡಿಪ್ಲೊಮಾ ಓದಿದವನು, ಹೇಗೋ ಓದಿಕೊಂಡೆ. ಆದರೆ ಕನ್ನಡದಲ್ಲಿ ಐಟಿಐ ಮುಗಿಸಿ ಸ್ವಂತ ಶೆಡ್ ಹಾಕಿಕೊಂಡ ಎಷ್ಟು ಜನ ಇದ್ದಾರೆ! ಅವರಿಗೆ ಇದರ ನಾಲ್ಕು ಪುಟದ ಕನ್ನಡ ಸಾರಾಂಶ ಕೊಟ್ಟರೆ ಎಷ್ಟು ಉಪಕಾರ ಆಗುತ್ತದೆ. ಇದು ದೊಡ್ಡ ಕೆಲಸವೇ ಅಲ್ಲ, ಮನಸ್ಸು ಮಾಡಬೇಕು.

ಬ್ಯಾಂಕಿನ ಭಾಗ ನನ್ನ ತಾಳ್ಮೆ ಪರೀಕ್ಷೆ ಮಾಡಿತು. ಯಾವ ಬ್ಯಾಂಕ್ ಅಂತ ಹೇಳಲ್ಲ. ಮ್ಯಾನೇಜರ್ ಒಳ್ಳೆಯವರೇ, ಆದರೆ ಯೋಜನೆಯ ಹೆಸರು ಕೇಳಿರಲಿಲ್ಲ. ಬಡ್ಡಿ ಸಹಾಯ ಮಂಜೂರಾದ ಪತ್ರ ತನ್ನಿ, ಆಮೇಲೆ ಸಾಲ ನೋಡೋಣ ಅಂದರು. ಸಾಲವೇ ಇಲ್ಲದೆ ಬಡ್ಡಿ ಸಹಾಯ ಯಾರು ಮಂಜೂರು ಮಾಡ್ತಾರೆ? ಇದೇ ಮಾತು ಹಿಡಿದು ಕೆಲವು ವಾರ ಅಲೆದಾಟ. ಕೊನೆಗೆ ದಾರಿ ಕಂಡಿದ್ದು ಹೀಗೆ: ಸಹಾಯದ ಮಾತು ಪಕ್ಕಕ್ಕಿಟ್ಟು, ಇದನ್ನು ಮಾಮೂಲಿ ಟರ್ಮ್ ಲೋನ್ ಅಂತಲೇ ನೋಡಿ, ಪೂರ್ತಿ ಬಡ್ಡಿ ನಾನೇ ಕಟ್ಟುತ್ತೇನೆ ಅಂತ ಹಿಡಿದು ಲೆಕ್ಕ ಹಾಕಿ ಅಂದೆ. ಡಿಪಿಆರ್‌ನಲ್ಲಿ ಉಳಿತಾಯದ ಲೆಕ್ಕ ಚೆನ್ನಾಗಿ ಇದ್ದಿದ್ದರಿಂದ ಅದು ನಿಂತಿತು. ಅಡಮಾನದ ಪ್ರಶ್ನೆ ಬಂದಾಗ ಸಿಜಿಟಿಎಂಎಸ್‌ಇ (ಅಡಮಾನವಿಲ್ಲದ ಸಾಲಕ್ಕೆ ಜಾಮೀನು ನಿಲ್ಲುವ ಸರ್ಕಾರಿ ಟ್ರಸ್ಟ್) ಗ್ಯಾರಂಟಿ ಕೇಳಿದೆವು, ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಅದರ ಮಿತಿ ಈಗ 10 ಕೋಟಿಯವರೆಗೆ ಇದೆ. ನೀವೂ ಬ್ಯಾಂಕಿಗೆ ಹೋದಾಗ ಶೇ 5 ಇಲ್ಲದೆಯೇ ಕಂತು ಕಟ್ಟಲಾಗುತ್ತಾ ಅಂತ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಆಗಲ್ಲ ಅಂದರೆ ಕೈ ಹಾಕಬೇಡಿ. ಸಹಾಯದ ಹಣ ಬರೋದು ಕೊನೆಯಲ್ಲಿ.

ಇನ್ನೊಂದು ಮಾತು, ಆಡಿಟ್‌ಗೆ ಮುಂಚೆ ಏನನ್ನೂ ಕೊಳ್ಳಬೇಡಿ. ಪರಿಚಯದ ಒಬ್ಬರು ಯೋಜನೆ ಬರುತ್ತದೆ ಅಂತ ಕೇಳಿ ಉತ್ಸಾಹದಲ್ಲಿ ಹೊಸ ಕಂಪ್ರೆಸರ್ ತಂದು ಕೂರಿಸಿಬಿಟ್ಟರು. ಹಳೆಯದು ಗುಜರಿಗೆ ಹೋಯಿತು. ಈಗ ಮೊದಲು ಎಷ್ಟು ತಿನ್ನುತ್ತಿತ್ತು ಅನ್ನೋದಕ್ಕೆ ಅಳತೆಯೇ ಇಲ್ಲ. ಮಷಿನ್ ಒಳ್ಳೆಯದೇ, ಉಳಿತಾಯವೂ ಆಗ್ತಿರಬಹುದು, ಸಾಬೀತು ಮಾಡೋದು ಹೇಗೆ?

ನಮ್ಮಲ್ಲಿ ಮಷಿನ್ ಕೂರಿಸಿದ ಕೆಲಸದ ಬಗ್ಗೆ ಹೆಚ್ಚು ಹೇಳೋದಿಲ್ಲ, ಹಬ್ಬದ ರಜೆ ನೋಡಿಕೊಂಡು ಮಾಡಿಸಿದೆವು. ಮುಚ್ಚಳದ ಹೈಡ್ರಾಲಿಕ್ ಸಿಲಿಂಡರ್ ಮೊದಲಿಗೆ ಬಿಸಿಗೆ ತಡೆದುಕೊಳ್ಳದೆ ಸೀಲ್ ಹೋಯಿತು, ಅದಕ್ಕೊಂದು ಅಡ್ಡ ತಗಡು ಹಾಕಿದ ಮೇಲೆ ಸರಿಯಾಯಿತು.

ಆಮೇಲೆ ಶುರುವಾಗಿದ್ದು ಎಂ ಅಂಡ್ ವಿ, ಅಂದರೆ ಉಳಿತಾಯ ನಿಜವಾಗಿ ಆಗಿದೆಯಾ ಅಂತ ಮತ್ತೆ ಅಳೆಯೋದು. ಬಿಲ್ ತೋರಿಸಿದರೆ ಸಾಲದು. ಆರ್ಡರ್ ಕಡಿಮೆ ಇದ್ದ ತಿಂಗಳು ಬಿಲ್ ತಾನಾಗೇ ಇಳಿದಿರುತ್ತದೆ, ಅದು ಉಳಿತಾಯ ಅಲ್ಲ. ಅದಕ್ಕೇ ಎಲ್ಲವನ್ನೂ ಟನ್ನಿಗೆ ಎಷ್ಟು ಯೂನಿಟ್ ಅಂತ ಅಳೆಯುತ್ತಾರೆ. ನಮಗೆ ತೊಡಕಾಗಿದ್ದು, ಈ ಮಧ್ಯೆ ಎಸ್‌ಜಿ ಐರನ್, ಅಂದರೆ ಸುಲಭಕ್ಕೆ ಒಡೆಯದ ಗಟ್ಟಿ ಬೀಡಿನ ಆರ್ಡರ್ ಜಾಸ್ತಿ ಬಂತು. ಅದನ್ನು ಸಾದಾ ಬೀಡಿಗಿಂತ ಹೆಚ್ಚು ಬಿಸಿ ಮಾಡಿ ತೆಗೆಯಬೇಕು, ಯೂನಿಟ್ ಜಾಸ್ತಿ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಕಲಸಿ ನೋಡಿದರೆ ನಮ್ಮ ಉಳಿತಾಯ ಅರ್ಧದಷ್ಟೂ ಕಾಣುತ್ತಿರಲಿಲ್ಲ.

ಇಲ್ಲಿ ಕೈ ಹಿಡಿದಿದ್ದು ಹೀಟ್ ಪುಸ್ತಕ. ಆಡಿಟ್ ಶುರುವಾದಾಗಿನಿಂದ ಕಾಕಾ ಪ್ರತಿ ಹೀಟ್ ಮುಗಿದ ಕೂಡಲೇ ಪ್ಯಾನಲ್ ಪಕ್ಕದ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಲೋಹದ ಗ್ರೇಡ್, ತೂಕ, ಮೀಟರ್ ರೀಡಿಂಗ್, ಲೋಹ ಹೊರತೆಗೆದಾಗಿನ ತಾಪಮಾನ ಬರೆಯುತ್ತಿದ್ದರು. ಪಾಳಿ ಮುಗಿದ ಮೇಲೆ ನಾನೋ ಅಣ್ಣನೋ ಅದನ್ನು ಪುಸ್ತಕಕ್ಕೆ ಇಳಿಸುತ್ತಿದ್ದೆವು. ಗ್ರೇಡ್ ಪ್ರಕಾರ ಬೇರೆ ಮಾಡಿ ನೋಡಿದಾಗ ಸಾದಾ ಬೀಡಿನಲ್ಲಿ ಟನ್ನಿಗೆ 680 ಇದ್ದದ್ದು 610ರ ಹತ್ತಿರ ಬಂದಿತ್ತು. ಕಂಪ್ರೆಸರ್, ಮೋಟರ್, ಪಂಪ್ ಕಡೆಯಿಂದ ತಿಂಗಳಿಗೆ ಸುಮಾರು 4 ಸಾವಿರ ಯೂನಿಟ್ ಬೇರೆ. ಹಳೆಯ ಗ್ರೇಡ್ ಮಿಶ್ರಣಕ್ಕೇ ಹೋಲಿಸಿ ಲೆಕ್ಕ ಹಾಕಿದರೆ ತಿಂಗಳಿಗೆ 10 ಸಾವಿರ ಯೂನಿಟ್ ಮೇಲೆ, ಶೇ 11 ದಾಟುತ್ತದೆ. ಆ ಪುಸ್ತಕ ಇರದಿದ್ದರೆ ಶೇ 10ರ ಗೆರೆ ದಾಟಿದ್ದೇವೆ ಅಂತ ಹೇಳಲು ನಮ್ಮ ಹತ್ತಿರ ಏನೂ ಇರುತ್ತಿರಲಿಲ್ಲ.

ಈಗ ದುಡ್ಡಿನ ಲೆಕ್ಕ ನೋಡಿ. ಯೂನಿಟ್‌ಗೆ 7 ರೂಪಾಯಿ ಅಂತ ಕಮ್ಮಿ ಹಿಡಿದರೂ ತಿಂಗಳಿಗೆ 70 ಸಾವಿರ, ವರ್ಷಕ್ಕೆ 8 ಲಕ್ಷ ಮೇಲೆ. 30 ಲಕ್ಷ ಸಾಲಕ್ಕೆ ಶೇ 5 ಅಂದರೆ ಮೊದಲ ವರ್ಷ ಒಂದೂವರೆ ಲಕ್ಷ, ಅಸಲು ತೀರಿದ ಹಾಗೆ ಅದೂ ಇಳಿಯುತ್ತದೆ. ಬಡ್ಡಿ ಸಹಾಯ ಬೇಡ ಅಂತಲ್ಲ, ಬರಲಿ, ಬೇಕು. ಆದರೆ ಎಷ್ಟು ಸಬ್ಸಿಡಿ ಅಂತ ಕೇಳುವವರು ಸಣ್ಣ ಮೊತ್ತವನ್ನು ಕೇಳುತ್ತಿದ್ದಾರೆ. ದೊಡ್ಡ ಮೊತ್ತ ಇರೋದು ಆ ಆಡಿಟ್‌ನಲ್ಲಿ. ಅದರಲ್ಲೂ ಟನ್ನಿಗೆ ಇಳಿದ 70 ಯೂನಿಟ್‌ನಲ್ಲಿ ಒಳ್ಳೆ ಪಾಲು ಬರೀ ಅಚ್ಚು ಮತ್ತು ಹೀಟ್ ಹೊತ್ತು ಹೊಂದಿಸಿದ್ದರಿಂದ ಬಂದಿದ್ದು.

ಇದು ಹೊಸ ವಿದ್ಯೆಯೂ ಅಲ್ಲ. ಬಿಇಇ ಮತ್ತು ವಿಶ್ವಸಂಸ್ಥೆಯ ಕೈಗಾರಿಕಾ ಸಂಸ್ಥೆ ಯುನಿಡೋ ಸೇರಿ ಹಿಂದೆಯೇ ಬೆಳಗಾವಿ, ಕೊಯಮತ್ತೂರು, ಇಂದೋರ್ ಫೌಂಡ್ರಿ ಕ್ಲಸ್ಟರ್‌ಗಳಲ್ಲಿ ಇಂಥ ಕೆಲಸ ಮಾಡಿವೆ. ಮುಚ್ಚಳ, ಕಂಪ್ರೆಸರ್ ಸೋರಿಕೆಯ ಮಾತು ಆ ಕಡೆಯ ಫೌಂಡ್ರಿಯವರಿಗೆ ಚೆನ್ನಾಗಿ ಗೊತ್ತು. ಗೊತ್ತಿರೋದು ಪಕ್ಕದ ಜಿಲ್ಲೆಗೂ ತಲುಪಬೇಕು, ಅದೇ ಆಗಬೇಕಾದ ಕೆಲಸ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಒಂದು ಪವರ್ ಅನಲೈಸರ್, ಅದನ್ನು ಬಳಸಲು ಬರುವ ಒಬ್ಬ ಎಂಜಿನಿಯರ್ ಇದ್ದು, ಸಣ್ಣ ಘಟಕಗಳಿಗೆ ಕಡಿಮೆ ಶುಲ್ಕಕ್ಕೆ ಕಳಿಸಿಕೊಟ್ಟರೆ ಸಾಲ ಮಾಡಲಾಗದ ಘಟಕಗಳಿಗೂ ಉಪಯೋಗ ಆಗುತ್ತದೆ. ವಿದ್ಯುತ್ ತೆರಿಗೆ ಇಳಿಸಿ ಅಂತ ಕೇಳೋದನ್ನೂ ಬಿಡಬಾರದು. ನಾವು ಉಳಿಸಿದ ಯೂನಿಟ್ ಬಿಟ್ಟು ಉಳಿದ 80 ಸಾವಿರ ಯೂನಿಟ್ ಮೇಲೆ ಆ ಶೇ 9 ಇವತ್ತಿಗೂ ಬೀಳುತ್ತಿದೆ.

ನಮ್ಮ ಬಡ್ಡಿ ಸಹಾಯದ ಹಣ ಇನ್ನೂ ಬಂದಿಲ್ಲ. ಎಂ ಅಂಡ್ ವಿ ವರದಿ ಹೋಗಿದೆ, ಕಡತ ನಡೆಯುತ್ತಿದೆ, ಬಂದ ಮೇಲೆ ಮೊತ್ತ ಸಮೇತ ಬರೆಯುತ್ತೇನೆ. ಯೋಜನೆಯ ಅವಧಿ 2027-28ರವರೆಗೆ. ಅರ್ಜಿ ಹಾಕುವ ಯೋಚನೆ ಇದ್ದವರು ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆ ನೋಡಿಕೊಳ್ಳಿ, ಮತ್ತೆ ನಾಳೆಯ ಮೊದಲ ಹೀಟ್‌ನಿಂದಲೇ ಮೀಟರ್ ರೀಡಿಂಗ್ ಬರೆದಿಡಲು ಶುರು ಮಾಡಿ. ಹೀಟ್ ಪುಸ್ತಕದಲ್ಲಿ ಯಾವ ಯಾವ ಕಾಲಂ ಇರಬೇಕು ಅಂತ ಬೇಕಾದವರು ಕೇಳಿ, ನಮ್ಮ ಪುಸ್ತಕದ ಒಂದು ಪುಟದ ಫೋಟೋ ಕಳಿಸುತ್ತೇನೆ.